ನೋಯದ ಹಲ್ಲು

ಮೇಷ್ಟ್ರನ್ನು ಸೈನಿಕರು ಹಿಡಿದುಕೊಂಡು ಹೋದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿದ್ದು ಬೆಳಿಗ್ಗೆ ಒಂಬತ್ತು ಗಂಟೆಗೆ, ಪಾಲಿಶ್ ಚಕ್ರದ ಪೆಡಲು ತುಳಿಯುತ್ತ ಯಾವುದೋ ಮುದುಕಿಯ ಕೆಳದವಡೆಯ ಕಟ್ಟುಹಲ್ಲಿನ ಸೆಟ್ಟನ್ನು ಉಜ್ಜುತ್ತಿದ್ದಾಗ. ಅನ್ನಿಸಿದ ಕೂಡಲೇ, ತಲೆಯೊಳಗಿನದು ಎಲ್ಲಿ ಹೊರಗೆ ಕೇಳಿಸಿಬಿಟ್ಟಿತೋ ಎಂಬಂತೆ ಹೆದರಿ ಅಪ್ಪನ ಕಡೆ ನೋಡಿದಳು. ಅಪ್ಪ ಮೇಣ ಕರಗಿಸುತ್ತಿದ್ದ. ಹನ್ನೊಂದು ದಿನದಿಂದ ಮೇಷ್ಟ್ರು ಒಳಕೋಣೆಯ ಅಟ್ಟದಲ್ಲಿ, ಪ್ಲಾಸ್ಟರ್ ಪುಡಿಯ ಮೂಟೆಗಳ ಹಿಂದೆ, ಮಡಚಿಟ್ಟ ಕೊಡೆಯ ಹಾಗೆ ಮಲಗಿದ್ದರು. ಹನ್ನೊಂದು ದಿನದಿಂದ ಅವರು ಉಚ್ಚೆ ಹೊಯ್ಯುವ ತಗಡಿನ ಡಬ್ಬಿಯನ್ನು ಇಳಿಸಿ ಚೆಲ್ಲುವ ಕೆಲಸ ಅವಳದು. ಸೈನ್ಯಕ್ಕೆ ಎದುರು ನಿಂತ ಮಹಾನುಭಾವರ ಡಬ್ಬಿಯೂ ಉಳಿದವರ ಡಬ್ಬಿಯ ಹಾಗೇ ನಾರುತ್ತದೆ ಎಂಬುದು ಈ ಯುದ್ಧದಲ್ಲಿ ಅವಳು ಕಲಿತ ಮೊದಲ ಪಾಠ. ಎರಡನೆಯದು, ಧೈರ್ಯವಂತರು ಸಾರಿಗೆ ಉಪ್ಪು ಕಡಿಮೆಯಾಯಿತು ಎಂದು ಗೊಣಗುತ್ತಾರೆ. ಅದಕ್ಕೂ ಮಿಗಿಲಾಗಿ ಇವರು ಸೊನ್ನೆ ಮೇಷ್ಟ್ರು. ಲೆಕ್ಕದಲ್ಲಿ ಅವಳಿಗೆ ಸತತ ನಾಲ್ಕು ಸಲ ಸೊನ್ನೆ ಕೊಟ್ಟು, ಆ ಸೊನ್ನೆಯನ್ನು ಬೋರ್ಡಿನ ಮೇಲೆ ತಟ್ಟೆಯಷ್ಟು ಅಗಲ ಬರೆದು, ‘ಇದರಲ್ಲಿ ಊಟ ಬಡಿಸಿಕೊ’ ಎಂದವರು. ಇಡೀ ತರಗತಿ ನಕ್ಕಿತ್ತು. ಬಡಿಸುತ್ತಿದ್ದವಳು ಈಗ ಅವಳೇ.

ಅವಳಿಗೆ ಹದಿಮೂರು. ಶಾಲೆಯಲ್ಲಿ ಅವಳ ಹೆಸರು ಉಪ್ಪುಕಾಗದ. ಸೆಟ್ಟುಗಳನ್ನು ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ಅಂಗೈ ಒರಟಾಗಿತ್ತು. ಮಾತೂ ಹಾಗೇ ಎಂದು ಹೇಳುವವರಿದ್ದರು. ಅಪ್ಪ ಹಲ್ಲು ಕಟ್ಟುವವನು. ಕೀಳುವುದೂ ಉಂಟು, ಆದರೆ ಕಟ್ಟುವುದರಲ್ಲೇ ಅವನಿಗೆ ಖುಷಿ. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಊರಿನ ಮರ್ಯಾದಸ್ಥರ ದವಡೆಗಳು ಪ್ಲಾಸ್ಟರಿನಲ್ಲಿ ಬಾಯಿ ತೆರೆದುಕೊಂಡು ಕೂತಿದ್ದವು. ಪುರಸಭೆಯ ಅಧ್ಯಕ್ಷರದ್ದು, ನ್ಯಾಯಾಧೀಶರದ್ದು, ನ್ಯಾಯಾಧೀಶರ ಹೆಂಡತಿಯದ್ದು. ಯಾರಿಗೆ ಎಷ್ಟು ಹಲ್ಲು ಸ್ವಂತ, ಎಷ್ಟು ಅಪ್ಪನದು ಎಂಬುದೆಲ್ಲ ಅವಳಿಗೆ ಬಾಯಿಪಾಠ; ಹಾಗಾಗಿ ಬೀದಿಯಲ್ಲಿ ದೊಡ್ಡವರನ್ನು ಕಂಡರೆ ಅವಳಿಗೆ ಭಕ್ತಿ ಹುಟ್ಟುತ್ತಿರಲಿಲ್ಲ. ಗಡಿಯಾಚೆಯ ಸೈನ್ಯ ಬಂದು ಊರು ಹಿಡಿದ ಮೇಲೆ ಹಲಗೆಗೆ ಹೊಸದೊಂದು ದವಡೆ ಸೇರಿತ್ತು, ಮೇಜರ್ ಸಾಹೇಬರದ್ದು. ಮೇಲೂ ಇಲ್ಲ, ಕೆಳಗೂ ಇಲ್ಲ, ಪೂರ್ತಿ ಬೋಳು. ಅಪ್ಪ ಅವರಿಗೆ ಎರಡೂ ಸೆಟ್ಟು ಕಟ್ಟಿಕೊಟ್ಟಿದ್ದ, ಬೆನ್ನು ಬಗ್ಗಿಸಿ, ಹಲ್ಲು ಕಿರಿದು, ‘ಸಾಹೇಬರು ನಕ್ಕರೆ ಹತ್ತು ವರ್ಷ ಕಡಿಮೆ ಕಾಣ್ತಾರೆ’ ಎಂದು. ಆ ಮಾತು ಅವಳ ಎದುರಿಗೇ ಆಡಿದ್ದ. ಮರುದಿನ, ಮುಚ್ಚಿದ ಶಾಲೆಯ ನಲ್ಲಿಯ ಹತ್ತಿರ ಬೇಕರಿಯವರ ಮಗಳು, ಯಾರಿಗೋ ಹೇಳುವಂತೆ, ‘ಕೆಲವರ ಅಪ್ಪಂದಿರು ಅವರಿಗೆ ಕಚ್ಚೋಕೆ ಹಲ್ಲು ಮಾಡಿಕೊಡ್ತಾರೆ’ ಎಂದಳು. ನಮ್ಮ ಅಟ್ಟದಲ್ಲಿ ಯಾರಿದ್ದಾರೆ ಗೊತ್ತೇನೇ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು ನೀರು ಕುಡಿದಳು. ಹೇಳದೇ ಇದ್ದದ್ದಕ್ಕೆ ತನ್ನನ್ನು ಯಾರೂ ಹೊಗಳುವುದಿಲ್ಲವಲ್ಲ ಎಂದು ಆಮೇಲೆ ಬಹಳ ಹೊತ್ತು ಬೇಜಾರಾಯಿತು.

ಮೇಷ್ಟ್ರು ಮಾಡಿದ್ದೇನೆಂದರೆ, ಹಾಜರಿ ಪುಸ್ತಕ ಸುಟ್ಟಿದ್ದರು. ಹದಿನಾರು ತುಂಬಿದ ಹುಡುಗರನ್ನೆಲ್ಲ ಕಂದಕ ತೋಡಲು ಲಾರಿಯಲ್ಲಿ ತುಂಬಿಕೊಂಡು ಹೋಗುತ್ತೇವೆ, ಹೆಸರು, ವಯಸ್ಸು, ಮನೆ ಎಲ್ಲ ಇರುವ ಪುಸ್ತಕ ತಾ ಎಂದು ಮೇಜರ್ ಆಳು ಕಳಿಸಿದಾಗ, ಒಂದು ನಿಮಿಷ ಎಂದು ಒಳಗೆ ಹೋದ ಮೇಷ್ಟ್ರು ಎಲ್ಲ ತರಗತಿಗಳ ಪುಸ್ತಕಗಳನ್ನು ಒಲೆಗೆ ತುರುಕಿ, ಕೈ ಒರೆಸಿಕೊಂಡು, ಹಿಂದಿನ ಕಿಟಕಿಯಿಂದ ಧುಮುಕಿದರು. ಮೈಕೈ ಸರಿಯಿಲ್ಲದ ಐವತ್ತೆರಡರ ಮನುಷ್ಯ. ಜ್ವರ ಬಂದು ಮಲಗಿದರೂ ಗೈರುಹಾಜರಿ ಹಾಕುತ್ತಿದ್ದವರು ಒಂದೇ ಸಲಕ್ಕೆ ಇಡೀ ಶಾಲೆಯನ್ನು ಗೈರುಹಾಜರು ಮಾಡಿಬಿಟ್ಟರು. ಸುಡುವುದೇ ಆಗಿದ್ದರೆ ಅಂಕಪಟ್ಟಿಯನ್ನೂ ಸುಡಬಹುದಿತ್ತು ಎಂದು ಅವಳು ಯೋಚಿಸಿದ್ದಳು. ಅಪ್ಪ ಅವರನ್ನು ಯಾಕೆ ಒಳಗೆ ಬಿಟ್ಟುಕೊಂಡ ಎಂಬುದು ಮಾತ್ರ ಅವಳಿಗೆ ಇವತ್ತಿನವರೆಗೂ ಹೊಳೆದಿರಲಿಲ್ಲ. ಕೇಳಿದ್ದಕ್ಕೆ, ‘ಬಾಗಿಲು ತಟ್ಟಿದ್ರು, ತೆಗೆದೆ’ ಎಂದಿದ್ದ.

ಈಗ ಮೇಷ್ಟ್ರಿಗೆ ಹಲ್ಲು ನೋವು. ಬಲಗಡೆ ಕೆಳಗಿನ ದವಡೆಹಲ್ಲು ಕೀವು ತುಂಬಿ ಕೆನ್ನೆ ಸೋರೆಕಾಯಿಯಾಗಿತ್ತು. ಹಲ್ಲಿನವನ ಮನೆಯಲ್ಲೇ ಬಚ್ಚಿಟ್ಟುಕೊಂಡಿದ್ದಾರೆ, ಇಳಿದು ಬಂದು ಕುರ್ಚಿಯಲ್ಲಿ ಕೂತರೆ ಎರಡು ನಿಮಿಷದ ಕೆಲಸ. ಆದರೆ ಮೇಷ್ಟ್ರಿಗೆ ಇಕ್ಕಳ ಕಂಡರೆ ಪ್ರಾಣಭಯ. ‘ಬೇಡ, ಅದೇ ಕಡಿಮೆಯಾಗುತ್ತೆ’ ಎಂದು ಎರಡು ದಿನದಿಂದ ಮೂಟೆ ತಬ್ಬಿಕೊಂಡು ನರಳುತ್ತಿದ್ದರು. ಮರಗಟ್ಟಿಸುವ ಔಷಧಿಯನ್ನೆಲ್ಲ ಸೈನ್ಯ ಎತ್ತಿಕೊಂಡು ಹೋಗಿತ್ತು ಎಂಬುದೂ ನಿಜ. ಅತ್ತೆ ಬೆಳಿಗ್ಗೆ ರೇಷನ್ ಸಾಲಿಗೆ ಹೊರಡುವ ಮೊದಲು ಅಟ್ಟದ ಕೆಳಗೆ ನಿಂತು, ‘ಮೇಷ್ಟ್ರೇ, ಸರ್ಕಾರಾನೇ ಎದುರು ಹಾಕ್ಕೊಂಡಿದ್ದೀರಿ, ಒಂದು ಹಲ್ಲಿಗೆ ಹೀಗೆ ಒದ್ದಾಡ್ತೀರಲ್ಲ’ ಎಂದಿದ್ದಳು. ಅತ್ತೆ ಅಪ್ಪನ ಅಕ್ಕ, ಯಾರಿಗೂ ಹೆದರಿದವಳಲ್ಲ. ಸೇತುವೆ ಕಾವಲಿನವರ ಜೊತೆ ಜಗಳ ಮಾಡಿ, ಇನ್ನೊಂದು ಸಲ ಆ ಕಡೆ ಕಾಲಿಟ್ಟರೆ ಒಳಗೆ ಹಾಕುತ್ತೇವೆ ಎನ್ನಿಸಿಕೊಂಡಿದ್ದವಳು. ಮೇಲಿನಿಂದ ಒಂದು ನರಳಿಕೆ ಬಂತು, ಹಳೆಯ ಬಾಗಿಲು ತೆರೆದಂತೆ.

ಹತ್ತು ಗಂಟೆಗೆ ಬಾಗಿಲು ತಳ್ಳಿಕೊಂಡು ಒಬ್ಬ ಸೈನಿಕ ಬಂದ. ಇಪ್ಪತ್ತರ ಆಸುಪಾಸಿನವನು, ಟೋಪಿಯನ್ನು ಕಿವಿಗಳೇ ಹಿಡಿದು ನಿಲ್ಲಿಸಿದಂತಿತ್ತು. ಕಿವಿಯವನು ಎಂದು ಅವಳು ಅಲ್ಲೇ ನಾಮಕರಣ ಮಾಡಿದಳು. ಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದ. ಮೇಜರ್ ಸಾಹೇಬರ ಮೇಲಿನ ಸೆಟ್ಟು, ನಟ್ಟನಡುವೆ ಎರಡು ಹೋಳು.

‘ಏನು ಕಚ್ಚಿದ್ರು?’ ಅಪ್ಪ ಕೇಳಿದ.

‘ಕಚ್ಚಲಿಲ್ಲ. ಸೀನಿದ್ರು. ಗೋಡೆಗೆ ಹೋಗಿ ಬಡೀತು.’ ಅವನು ನಗಲಿಲ್ಲ; ನಗದೇ ಇರುವುದನ್ನು ಅಭ್ಯಾಸ ಮಾಡಿಕೊಂಡವನ ಮುಖ. ‘ನಾಲ್ಕು ಗಂಟೆಗೆ ಚೌಕದಲ್ಲಿ ಭಾಷಣ ಇದೆ. ಊರಿಗೆ ಊರೇ ಬರಬೇಕು ಅಂತ ಆಜ್ಞೆ. ಅಷ್ಟರೊಳಗೆ ಬೇಕು. ರಿಪೇರಿ ಆಗೋವರೆಗೂ ಹಲ್ಲಿನ ಜೊತೆಗೇ ಇರು ಅಂದಿದ್ದಾರೆ.’

‘ಒಸಡಿನ ರಬ್ಬರು ಬೇಯೋಕೆ ಒಂದೂಕಾಲು ಗಂಟೆ ಬೇಕು. ಎಲ್ಲ ಸೇರಿ ಮೂರು ಗಂಟೆ.’

‘ಇರ್ತೀನಿ’ ಎಂದು ಅವನು ರೋಗಿಗಳ ಬೆಂಚಿನ ಮೇಲೆ, ಬಂದೂಕನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತ. ಒಳಕೋಣೆಯ ಬಾಗಿಲಿಗೆ ನೇರ ಎದುರು.

ಅಪ್ಪ ಅವಳ ಕಡೆ ನೋಡದೆ, ‘ಆ ಸೆಟ್ಟು ಇನ್ನೂ ಹೊಳಪು ಬಂದಿಲ್ಲ, ತುಳಿ’ ಎಂದ. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತುಳಿದಳು. ಚಕ್ರ ಗರಗರ ಎನ್ನುವಷ್ಟು ಹೊತ್ತು ಅಟ್ಟದ ಮೇಲೆ ಯಾರು ನರಳಿದರೂ ಸರಿ. ಅಪ್ಪ ಎರಡು ಹೋಳುಗಳನ್ನು ಮೇಣದಿಂದ ಕೂಡಿಸಿದ, ಅಚ್ಚಿಗೆ ಪ್ಲಾಸ್ಟರ್ ಹೊಯ್ದ, ಬಿಸಿನೀರಿನಲ್ಲಿ ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಹಸಿ ರಬ್ಬರಿನ ತುಂಡುಗಳನ್ನು ಒತ್ತಿ ಒತ್ತಿ ತುಂಬಿದ. ಮುದುಕಿಯ ಸೆಟ್ಟು ಸವೆಯುತ್ತ ಬಂತು. ಇನ್ನು ಸ್ವಲ್ಪ ತುಳಿದರೆ ಮುದುಕಿಗೆ ಗಂಜಿಯೇ ಗತಿ ಎಂದು ಲೆಕ್ಕ ಹಾಕಿದಳು. ಕಿವಿಯವನು ಹಲಗೆಯ ಮೇಲಿನ ದವಡೆಗಳನ್ನು ಒಂದೊಂದಾಗಿ ನೋಡುತ್ತಿದ್ದ. ‘ನಮ್ಮ ಮನೇಲಿ ಕುದುರೆ ವ್ಯಾಪಾರ’ ಎಂದ ಇದ್ದಕ್ಕಿದ್ದಂತೆ. ‘ಹಲ್ಲು ನೋಡಿ ವಯಸ್ಸು ಹೇಳ್ತೀನಿ.’ ಅಪ್ಪ ‘ಓಹೋ’ ಎಂದು ಹಲ್ಲು ಕಿರಿದ, ಅವಳಿಗೆ ಮೈ ಪರಚಿಕೊಳ್ಳುವಂತಾಗುವ ಅದೇ ಕಿರಿಯುವಿಕೆ. ಕಾಲಿನ ಮೀನಖಂಡ ಸಿಡಿಯುತ್ತಿತ್ತು. ಅಪ್ಪ ಅಚ್ಚನ್ನು ಕಬ್ಬಿಣದ ಪಾತ್ರೆಯೊಳಗಿಟ್ಟು ಮುಚ್ಚಳ ಬಿಗಿದು ಒಲೆಗೆ ಏರಿಸಿದ. ‘ಕೆಂಡ ಸಾಲದು’ ಎಂದ. ಇದ್ದಿಲು ಇದ್ದದ್ದು ಒಳಕೋಣೆಯಲ್ಲಿ. ಅವಳು ಪೆಡಲು ಬಿಟ್ಟು ಎದ್ದಳು. ಚಕ್ರ ಇನ್ನೂ ನಾಲ್ಕು ಸುತ್ತು ತಿರುಗಿ ನಿಂತಿತು.

ಇದ್ದಿಲ ಬುಟ್ಟಿಗೆ ಕೈ ಹಾಕಿದ್ದಳು, ಆಗ ಮೇಲಿನಿಂದ ಬಂತು. ನರಳಿಕೆಯಲ್ಲ, ಗೂಳಿಯ ಹಾಗೆ, ಹೊಟ್ಟೆಯೊಳಗಿನಿಂದ ಉದ್ದಕ್ಕೆ ಎಳೆದ ಒಂದು ಸದ್ದು, ನಡುವೆ ಬಾಯಿಗೆ ಬಟ್ಟೆ ತುರುಕಿಕೊಂಡಂತೆ ಕಡಿದುಹೋಯಿತು. ಹೊರಗೆ ಬೆಂಚು ಕಿರ್ರೆಂದಿತು. ‘ಯಾರದು?’ ಎಂದಿತು ಕಿವಿಯವನ ಧ್ವನಿ. ಆ ಕ್ಷಣ ಅವಳಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಹನ್ನೊಂದು ದಿನ ಡಬ್ಬಿ ಚೆಲ್ಲಿದ್ದು, ಕಾಲು ಸೋಲುವಂತೆ ತುಳಿದದ್ದು, ಬೇಕರಿಯವಳ ಮಾತು ನುಂಗಿದ್ದು, ಎಲ್ಲವನ್ನೂ ಈ ಮನುಷ್ಯ ಒಂದು ಹಲ್ಲಿಗಾಗಿ ನೀರಿಗೆ ಹಾಕುತ್ತಾನೆ. ಆ ಸಿಟ್ಟಿನಲ್ಲಿ ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು. ಇದ್ದಿಲ ಮಸಿ ಮೆತ್ತಿದ ಕೆನ್ನೆ ಹಿಡಿದುಕೊಂಡು, ಅದೇ ಸದ್ದನ್ನು ತನ್ನ ಗಂಟಲಿನಿಂದ ಮತ್ತೊಮ್ಮೆ ಹೊರಡಿಸುತ್ತ ಬಾಗಿಲಿಗೆ ಬಂದು ನಿಂತಳು. ಕಿವಿಯವನು ಎರಡು ಹೆಜ್ಜೆ ದೂರದಲ್ಲಿದ್ದ.

‘ಗಂಡಸಿನ ಧ್ವನಿ ಇದ್ದಂಗಿತ್ತು’ ಎಂದ.

‘ನಮ್ಮ ವಂಶದಲ್ಲಿ ಹೆಂಗಸರ ಧ್ವನಿ ಹಾಗೇ’ ಎಂದ ಅಪ್ಪ, ಒಲೆಯ ಮುಂದಿನಿಂದ ಏಳದೆ. ‘ನಮ್ಮಕ್ಕ ಬರಲಿ, ಕೇಳಿ. ರೇಷನ್ ಅಂಗಡಿಯಲ್ಲಿ ಅವಳು ಬಾಯಿ ಬಿಟ್ರೆ ಸಾಲು ತಾನಾಗಿ ನೆಟ್ಟಗಾಗುತ್ತೆ.’

‘ಹಲ್ಲಿನವರ ಮಗಳಿಗೆ ಹಲ್ಲು ನೋವಾ? ಕಿತ್ತಿಲ್ಲ ಯಾಕೆ?’

‘ಹೆದರಿಕೆ’ ಎಂದಳು ಅವಳು. ಮೇಷ್ಟ್ರ ಮಾತನ್ನು ಅವರಿಗಾಗಿ ತಾನು ಆಡುತ್ತಿದ್ದೇನೆ ಅನ್ನಿಸಿ ನಾಚಿಕೆಯಾಯಿತು.

ಕಿವಿಯವನು ಅವಳ ಮುಖವನ್ನೂ, ಅವಳ ಹಿಂದಿನ ಕತ್ತಲೆಯನ್ನೂ, ಅಟ್ಟಕ್ಕೆ ಒರಗಿಸಿದ ಏಣಿಯನ್ನೂ ನೋಡಿದ. ‘ಈಗ ಕೀಳಿ’ ಎಂದ ಅಪ್ಪನಿಗೆ. ‘ಹೇಗೂ ಅದು ಬೇಯಬೇಕಲ್ಲ. ನಾನು ಬೇಕಾದ್ರೆ ತಲೆ ಹಿಡ್ಕೋತೀನಿ.’ ಕನಿಕರವೋ ಪರೀಕ್ಷೆಯೋ ಆ ಧ್ವನಿಯಿಂದ ತಿಳಿಯುವಂತಿರಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

ಕುರ್ಚಿಯಲ್ಲಿ ಕೂತಾಗ ಅವಳಿಗೆ ಮೊದಲ ಬಾರಿ ಚಾವಣಿ ಕಾಣಿಸಿತು. ರೋಗಿಗಳಿಗೆಲ್ಲ ಕಾಣುವುದು ಇದೇ ಏನು, ಈ ಬಿರುಕು, ಈ ಜೇಡ? ಅಪ್ಪನ ಮುಖ ಮೇಲಿನಿಂದ ಬಾಗಿತು. ‘ಯಾವುದಮ್ಮಾ?’ ಎಂದು ಕೇಳಿದ. ಅಮ್ಮಾ ಎಂದು ಅವನು ಕರೆದು ವರ್ಷಗಳಾಗಿದ್ದವು. ಅವನ ಕಣ್ಣು ಏನೋ ಹೇಳಲು ನೋಡುತ್ತಿತ್ತು; ಪಕ್ಕದಲ್ಲೇ ಇನ್ನೊಂದು ಮುಖ, ಎರಡು ಕಿವಿಗಳ ನಡುವೆ, ಬಾಗಿ ನೋಡುತ್ತಿತ್ತು. ಅವಳು ನಾಲಿಗೆಯನ್ನು ಹಲ್ಲುಗಳ ಮೇಲೆ ಓಡಿಸಿದಳು. ಅಲುಗುವ ಹಲ್ಲೊಂದಿದ್ದರೆ, ಹುಳುಕೊಂದಿದ್ದರೆ. ಹಲ್ಲಿನವನ ಮಗಳಾಗಿ ದಿನಕ್ಕೆರಡು ಸಲ ಉಜ್ಜಿ ಉಜ್ಜಿ ಒಂದನ್ನೂ ಹಾಳಾಗಲು ಬಿಟ್ಟಿರಲಿಲ್ಲ ಎಂಬುದೀಗ ದೊಡ್ಡ ತಪ್ಪಿನಂತೆ ಕಂಡಿತು. ಮುಂದಿನವು ಬೇಡ, ಬೇಕರಿಯವಳು ನಗುತ್ತಾಳೆ. ಇಂಥ ಹೊತ್ತಿನಲ್ಲೂ ಚಂದದ ಯೋಚನೆ ಬಂತಲ್ಲ ಎಂದು ಅಸಹ್ಯವಾಯಿತು. ಆದರೂ ಹಿಂದಿನದನ್ನೇ ತೋರಿಸಿದಳು, ಎಡಗಡೆ, ಕೆಳಗಿನದು.

‘ಚೆನ್ನಾಗೇ ಇದೆಯಲ್ಲ’ ಎಂದ ಕಿವಿಯವನು.

‘ಮೇಲೆ ಚೆನ್ನಾಗಿರುತ್ತೆ. ಬೇರಲ್ಲಿ ಕೊಳೆತಿರುತ್ತೆ’ ಎಂದ ಅಪ್ಪ. ‘ಬಾಯಿ ತೆಗಿ.’

ಆಮೇಲಿನದನ್ನು ಅವಳು ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಗಟ್ಟಿ ಹಲ್ಲು ಬರುವುದಿಲ್ಲ. ದವಡೆಯೇ ಕಿತ್ತು ಬರುತ್ತದೆ ಅನ್ನಿಸುತ್ತದೆ. ಕಿವಿಯೊಳಗೆ ಮರ ಸೀಳುವ ಸದ್ದು. ನೋವಿಗಿಂತ ಆ ಸದ್ದು ತನ್ನದು ಎಂಬುದೇ ಭಯಂಕರ. ಅಪ್ಪನ ಮೊಣಕೈ ಅವಳ ಎದೆಗೆ ಒತ್ತಿತ್ತು, ಅವನ ಉಸಿರಿನಲ್ಲಿ ಮೇಣದ ವಾಸನೆ, ಕಿವಿಯವನ ಅಂಗೈಗಳು ಅವಳ ತಲೆಯ ಎರಡೂ ಪಕ್ಕ ಬೆಚ್ಚಗೆ, ಬೆವರಿಕೊಂಡು. ಕೂಗಬಾರದು ಎಂದು ಹಟ ಹಿಡಿದಿದ್ದಳು, ಆಮೇಲೆ ಕೂಗಬೇಕಲ್ಲವೇ, ಕೂಗುವುದಕ್ಕೇ ಅಲ್ಲವೇ ಇದೆಲ್ಲ ಎಂದು ನೆನಪಾಗಿ, ಕೂಗಿದಳು. ಕೂಗಿದ ಮೇಲೆ ನಿಲ್ಲಿಸಲಾಗಲಿಲ್ಲ. ಒಂದು ಕಡೆ ಮನಸ್ಸು ಪೂರ್ತಿ ಬೇರೆಯಾಗಿ ನಿಂತು, ಮೇಷ್ಟ್ರಿಗೆ ಇದು ಕೇಳುತ್ತಿದೆ, ಚೆನ್ನಾಗಿ ಕೇಳಲಿ, ಎನ್ನುತ್ತಿತ್ತು.

ಹಲ್ಲು ತಟ್ಟೆಗೆ ಬಿದ್ದು ಟಣ್ ಎಂದಿತು. ಕಿವಿಯವನು ಅದನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಎರಡು ಬೇರು, ಹಾಲಿನಂತೆ ಬಿಳಿ, ಒಂದು ಚುಕ್ಕೆ ಇಲ್ಲ. ಕುದುರೆಯವರ ಮನೆಯವನು. ಒಲೆಯ ಮೇಲಿನ ಪಾತ್ರೆ ಮಾತ್ರ ಸುಯ್ಯೆನ್ನುತ್ತಿತ್ತು, ಬೇಯುವ ರಬ್ಬರಿನ ಗಂಧಕದ ನಾತ ಕೋಣೆ ತುಂಬಿತ್ತು. ಅಪ್ಪ ಅರಳೆ ಉಂಡೆ ಕಟ್ಟುತ್ತಿದ್ದವನು ಹಾಗೇ ನಿಂತ. ಅವಳು ಬಾಯಿ ತೆರೆದುಕೊಂಡೇ ಇದ್ದಳು, ರಕ್ತ ಗಲ್ಲದಿಂದ ಕುತ್ತಿಗೆಗೆ ಇಳಿಯುತ್ತಿತ್ತು.

‘ಚೆನ್ನಾಗಿ ಕಿತ್ರಿ’ ಎಂದು ಕಿವಿಯವನು ಹಲ್ಲನ್ನು ತಟ್ಟೆಗೆ ಹಾಕಿ ಬೆಂಚಿಗೆ ಹೋಗಿ ಕೂತ. ಮತ್ತೆ ಅವನು ಮಾತಾಡಿದ್ದು ಒಂದು ಗಂಟೆಗೆ, ಸಿದ್ಧವಾದ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ‘ಬರ್ತೀನಿ’ ಎಂದಾಗ.

ಅವನು ಹೋದ ಮೇಲೆ ಅಪ್ಪ ಹಿತ್ತಲಿಗೆ ಹೋಗಿ ವಾಂತಿ ಮಾಡಿದ. ಹೇಳುತ್ತಾನೋ ಇಲ್ಲವೋ, ಬರುತ್ತಾರೋ ಇಲ್ಲವೋ, ಓಡುವುದಾದರೆ ಎಲ್ಲಿಗೆ. ಏಣಿ ಕಿರುಗುಟ್ಟಿತು. ಮೇಷ್ಟ್ರು ತಾವಾಗಿಯೇ ಇಳಿದು ಬರುತ್ತಿದ್ದರು, ಮೈತುಂಬ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು, ಹಲಗೆಯ ಮೇಲಿನ ಅಚ್ಚುಗಳ ದೊಡ್ಡಣ್ಣನ ಹಾಗೆ. ಅವಳನ್ನು ನೋಡಲಿಲ್ಲ. ನೇರ ಹೋಗಿ ಕುರ್ಚಿಯಲ್ಲಿ ಕೂತು, ಕೈಹಿಡಿಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ‘ಕೀಳಿ’ ಎಂದರು. ಕಿತ್ತಾಗ ಅವರು ಒಂದು ಚೂರೂ ಸದ್ದು ಮಾಡಲಿಲ್ಲ. ಆ ಸದ್ದನ್ನು ಎರಡು ಗಂಟೆ ಮೊದಲೂ ಮಾಡದೇ ಇದ್ದಿದ್ದರೆ ಆಗುತ್ತಿರಲಿಲ್ಲವೇ ಎಂದು ಅವಳು ಅರಳೆ ಕಚ್ಚಿಕೊಂಡು ಯೋಚಿಸಿದಳು. ಆಮೇಲೆ ಅವರ ಮುಚ್ಚಿದ ರೆಪ್ಪೆಯಡಿಯಿಂದ ಪುಡಿ ಮೆತ್ತಿದ ಕೆನ್ನೆಯ ಮೇಲೆ ನೀರು ದಾರಿ ಮಾಡಿಕೊಂಡು ಇಳಿದದ್ದು ಕಂಡು, ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ರೇಷನ್ ಚೀಲದೊಂದಿಗೆ ಒಳಗೆ ಬಂದ ಅತ್ತೆ ಒಂದು ತಟ್ಟೆಯಲ್ಲಿ ಎರಡು ಹಲ್ಲು, ಎರಡು ಊದಿದ ಮುಖ, ಹಿತ್ತಲ ಬಾಗಿಲಲ್ಲಿ ಬಿಳುಚಿಕೊಂಡ ತಮ್ಮನನ್ನು ನೋಡಿ, ‘ನಾನು ಅರ್ಧ ದಿನ ಇಲ್ಲದಿದ್ರೆ ಈ ಮನೇಲಿ ಇಷ್ಟೆಲ್ಲ ಆಗುತ್ತಾ’ ಎಂದಳು.

ನಾಲ್ಕಕ್ಕೆ ಚೌಕದಲ್ಲಿ ಊರೇ ನಿಂತಿತ್ತು. ಬಾರದವರ ಮನೆಗೆ ಬೀಗ ಎಂದು ಸಾರಿದ್ದರು. ಅವಳು ಅಪ್ಪ ಮತ್ತು ಅತ್ತೆಯ ನಡುವೆ, ಬಾಯಲ್ಲಿ ಅರಳೆ ತುರುಕಿಕೊಂಡು ನಿಂತಳು. ವೇದಿಕೆಯ ಮೇಲೆ ಮೇಜರ್, ಹಿಂದೆ ಸಾಲಾಗಿ ಸೈನಿಕರು, ಸಾಲಿನ ತುದಿಯಲ್ಲಿ ಆ ಕಿವಿಗಳು. ಈಗ ಹೆಸರು ಕರೆಯುತ್ತಾರೆ, ಈಗ ಎಳೆಯುತ್ತಾರೆ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಮೇಜರ್ ಕಾಗದ ಬಿಡಿಸಿ, ಗಂಟಲು ಸರಿ ಮಾಡಿಕೊಂಡು ಆರಂಭಿಸಿದರು.

‘ಶಾಂತಿ ಮತ್ತು ಸುವ್ಯವಸ್ಥೆ’ ಎಂದರು. ಅಂದರೆ ಹಾಗೆ ಅನ್ನಲು ಹೋದರು. ಧ್ವನಿವರ್ಧಕದಿಂದ ಹೊರಟದ್ದು ಎರಡು ಸಿಳ್ಳೆ. ಮೊದಲನೆಯದು ರೈಲು ನಿಲ್ದಾಣದ ಗಾರ್ಡಿನದರಂತೆ ಉದ್ದ, ಎರಡನೆಯದು ಕುಕ್ಕಿದಂತೆ ಗಿಡ್ಡ. ಚೌಕದ ಆ ಮೂಲೆಯ ನಾಯಿಯೊಂದು ಕಿವಿ ನಿಮಿರಿಸಿ ಎದ್ದು ನಿಂತಿತು. ಮೇಜರ್ ನೀರು ಕುಡಿದು ಮುಂದುವರಿದರು. ಸಮಾಜದ ಶಿಸ್ತಿಗಾಗಿ, ಸರ್ಕಾರದ ಸಹನೆಗೂ ಸೀಮೆಯಿದೆ, ಶಾಲೆಯ ಶಿಕ್ಷಕನನ್ನು ಬಚ್ಚಿಟ್ಟವರಿಗೆ ಸಾವೇ ಶಿಕ್ಷೆ. ಆ ಭಾಷಣ ಬರೆದವನಿಗೆ ಸಕಾರ ಶಕಾರಗಳ ಮೇಲೆ ಅದೇನು ಮೋಹವಿತ್ತೋ. ಒಂದೊಂದು ಶಬ್ದಕ್ಕೂ ಒಂದೊಂದು ಸಿಳ್ಳೆ. ನಾಯಿ ಜನರ ಕಾಲು ಸಂದಿಯಲ್ಲಿ ನುಸುಳಿ ವೇದಿಕೆಯ ಕೆಳಗೆ ಹೋಗಿ ಬಾಲ ಆಡಿಸುತ್ತ ಕೂತಿತು. ಯಾರೂ ನಗಲಿಲ್ಲ. ನಕ್ಕರೆ ಗುಂಡು. ಎರಡು ಸಾವಿರ ಜನ ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ತುಟಿ ಕಚ್ಚಿ ನಿಂತಿದ್ದರು. ನ್ಯಾಯಾಧೀಶರು ಅಪ್ಪ ಕಟ್ಟಿದ ಹಲ್ಲುಗಳಿಂದ ತಮ್ಮ ಕೈಬೆರಳನ್ನು ಕಚ್ಚಿಕೊಂಡಿದ್ದರು. ಬೇಕರಿಯವಳ ಭುಜ ಕುಲುಕುತ್ತಿತ್ತು. ಅತ್ತೆ ಅಳುವವಳಂತೆ ಮುಖ ಮುಚ್ಚಿಕೊಂಡಿದ್ದಳು. ಅವಳಿಗೆ ತನ್ನ ಬಾಯಿಯ ಅರಳೆ ನಗುವಿಗೆ ಒದ್ದೆಯಾಗಿ ಉಪ್ಪುಪ್ಪಾಗುವುದು ಗೊತ್ತಾಗುತ್ತಿತ್ತು. ಸಾವು ಎಂಬ ಶಬ್ದವನ್ನು ಆಡಿದಾಗ ಬಂದ ಸಿಳ್ಳೆ ಎಲ್ಲಕ್ಕಿಂತ ಇಂಪಾಗಿತ್ತು. ಆಗ ವೇದಿಕೆಯ ಸಾಲಿನ ತುದಿಗೆ ನೋಡಿದಳು. ಕಿವಿಯವನು ನೆಟ್ಟಗೆ ನಿಂತಿದ್ದ, ಮುಖ ಕಲ್ಲು, ಕಿವಿಗಳು ಮಾತ್ರ ಕೆಂಪು ಕೆಂಪು.

ಮನೆಗೆ ಬಂದು ಅರಳೆ ಉಗಿದು ಕೇಳಿದಳು: ‘ಬೇಕಂತ ಮಾಡಿದ್ಯಾ?’

‘ಕೈ ನಡುಗಿತು’ ಎಂದ ಅಪ್ಪ. ‘ನಿನ್ನದು ಕಿತ್ತ ಮೇಲೆ ಅರ ಹಿಡಿಯೋಕೇ ಆಗಲಿಲ್ಲ. ಮುಂದಿನ ಎರಡು ಹಲ್ಲಿನ ಸಂದಿ ಸರಿ ಬರಲಿಲ್ಲ.’ ಅವನು ಸುಳ್ಳು ಹೇಳುತ್ತಿರಬೇಕು ಎಂದು ಅವಳಿಗೆ ಆಸೆಯಾಯಿತು. ಅವನ ಕೈ ಇನ್ನೂ ನಡುಗುತ್ತಿತ್ತು.

ಸಂಜೆಗೇ ಆಳು ಬಂದು ಹೇಳಿ ಹೋದ: ನಾಳೆ ಹನ್ನೆರಡಕ್ಕೆ ಮೇಜರ್ ಸಾಹೇಬರು ಖುದ್ದಾಗಿ ಬರುತ್ತಾರೆ, ಸೆಟ್ಟು ಸರಿ ಮಾಡಬೇಕು, ಕಾವಲಿನವರು ಮೊದಲೇ ಬಂದು ಮನೆ ನೋಡುತ್ತಾರೆ. ಇನ್ನು ಮೇಷ್ಟ್ರು ಇರುವಂತಿರಲಿಲ್ಲ. ಸೇತುವೆಯಾಚೆ ಇಟ್ಟಿಗೆ ಗೂಡಿನ ಲಾರಿಯವನೊಬ್ಬ ಅತ್ತೆಗೆ ಗೊತ್ತು. ಸೆಟ್ಟಿನ ಕೆಲಸ ಬಿಟ್ಟು ಅಪ್ಪ ಹೋಗುವಂತಿಲ್ಲ, ಅತ್ತೆಗೆ ಸೇತುವೆ ಬಂದ್. ಮೂವರೂ ಅವಳ ಕಡೆ ನೋಡಿದರು. ಯಾರೂ ಕೇಳಲಿಲ್ಲ, ಅದೇ ಅವಳಿಗೆ ಸಿಟ್ಟು ತರಿಸಿತು. ಕೇಳಿದ್ದರೆ ಆಗಲ್ಲ ಎನ್ನಬಹುದಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ, ಬಿಸಿಲಿನಲ್ಲಿ, ಮುಂಬಾಗಿಲಿನಿಂದಲೇ ಹೊರಟರು. ಮೇಷ್ಟ್ರ ಮುಖಕ್ಕೆ ಗಲ್ಲದಿಂದ ನೆತ್ತಿಗೆ ಬಟ್ಟೆ ಸುತ್ತಿತ್ತು. ಊದಿದ ಕೆನ್ನೆಯಿಂದಾಗಿ ಹೆಂಡತಿಗೂ ಗುರುತು ಸಿಗುವಂತಿರಲಿಲ್ಲ. ಹಲ್ಲಿನವನ ಮನೆಯಿಂದ ಕೆನ್ನೆ ಹಿಡಿದುಕೊಂಡು ಹೊರಬೀಳುವ ಮನುಷ್ಯನನ್ನು ಯಾರು ತಿರುಗಿ ನೋಡುತ್ತಾರೆ. ಕಾವಲಿನವರು ಕೇಳಿದರೆ ನಮ್ಮಪ್ಪ ಅನ್ನಬೇಕು ಎಂದು ಗಟ್ಟಿ ಮಾಡಿಕೊಂಡಿದ್ದಳು. ಅವರ ಕೈ ಹಿಡಿದಳು. ನಾಲ್ಕು ಸೊನ್ನೆ ಬರೆದ ಕೈ. ತಣ್ಣಗೆ ಒದ್ದೆಯಾಗಿತ್ತು, ಪರೀಕ್ಷೆಗೆ ಕೂತ ಹುಡುಗರ ಕೈಯ ಹಾಗೆ. ಸೇತುವೆಯ ಬಾಯಿಗೆ ಬಂದಾಗ ಮರಳ ಮೂಟೆಗಳ ಹಿಂದಿನಿಂದ ಎದ್ದು ಬಂದವನು ಕಿವಿಯವನು. ಅವಳ ಅಪ್ಪ ಯಾರೆಂದು ಚೆನ್ನಾಗಿ ಬಲ್ಲವನು.

‘ಇವರು ಯಾರು?’

ಗಟ್ಟಿ ಮಾಡಿಕೊಂಡಿದ್ದೆಲ್ಲ ಕೈಬಿಟ್ಟಿತು. ‘ದೊಡ್ಡಪ್ಪ’ ಎಂಬ ಮಾತು ಎಲ್ಲಿಂದಲೋ ಬಂತು. ಮೇಷ್ಟ್ರ ಬೆರಳು ಅವಳ ಕೈಯಲ್ಲಿ ಬೆಚ್ಚಿತು.

‘ಇವರಿಗೂ ಹಲ್ಲಾ?’

‘ಹೂಂ.’

ಅವನು ಮೇಷ್ಟ್ರ ಮುಖವನ್ನು ಬಹಳ ಹೊತ್ತು ನೋಡಿದ. ಪಕ್ಕದ ಕಂಬಕ್ಕೆ ಅಂಟಿಸಿದ್ದ ಕಾಗದದಲ್ಲೂ ಅದೇ ಮುಖವಿತ್ತು, ಊತವಿಲ್ಲದ್ದು. ‘ನಿಮ್ಮ ಮನೇಲಿ ಎಲ್ಲರ ಧ್ವನೀನೂ ಒಂದೇ ಥರ ಇರಬೇಕು’ ಎಂದು ಅವನು ಪಕ್ಕಕ್ಕೆ ಸರಿದ.

ಆಚೆ ದಡದಲ್ಲಿ ಲಾರಿ ಇತ್ತು. ಮೇಷ್ಟ್ರು ಅವಳ ಕೈ ಬಿಟ್ಟು ನಿಂತರು. ಏನಾದರೂ ಹೇಳುತ್ತಾರೆ, ಹೇಳಲೇಬೇಕು, ಮುಂದೆ ನೆನಪಿಟ್ಟುಕೊಳ್ಳುವಂಥದ್ದು, ಎಂದು ಕಾದಳು. ಬಟ್ಟೆಯೊಳಗಿನಿಂದ ದವಡೆ ಅಲುಗಿಸಲಾಗದೆ ಅವರು ಅಂದದ್ದು, ‘ಚಪ್ಪಲಿ ಕಚ್ತಾ ಇದೆ.’ ಲಾರಿ ಹತ್ತಿ ಇಟ್ಟಿಗೆಗಳ ನಡುವೆ ಕೂತರು, ಹಿಂದಿರುಗಿ ನೋಡಲಿಲ್ಲ. ಅವರು ಬದುಕಿದ್ದಾರೆಂದು ಅವಳಿಗೆ ತಿಳಿದದ್ದು ಎರಡು ವರ್ಷದ ಮೇಲೆ, ಸೈನ್ಯ ಹೋಗಿ ಶಾಲೆ ತೆರೆದ ಮೇಲೆ, ಹಳೆಯ ಕೋಟು ಹಾಕಿಕೊಂಡು ಬಂದು ಅವಳಿಗೆ ಐದನೆಯ ಸೊನ್ನೆ ಕೊಟ್ಟಾಗ. ಆದರೆ ಈಗ, ಲಾರಿಯ ಧೂಳಿನಲ್ಲಿ ಒಬ್ಬಳೇ ನಿಂತು, ಅವಳು ತಿರುಗಿ ಸೇತುವೆಯನ್ನು ನೋಡಿದಳು. ಹೋಗುವುದನ್ನು ಎಲ್ಲರೂ ಸೇರಿ ಯೋಚಿಸಿದ್ದರು. ಬರುವುದನ್ನು ಯಾರೂ ಯೋಚಿಸಿರಲಿಲ್ಲ, ಅಪ್ಪನೂ, ಅಷ್ಟೆಲ್ಲ ಬಾಯಿಯ ಅತ್ತೆಯೂ, ಅವಳೂ. ಇದ್ದ ಧೈರ್ಯವನ್ನೆಲ್ಲ ಹೋಗುವುದಕ್ಕೇ ಖರ್ಚು ಮಾಡಿಯಾಗಿತ್ತು. ಇನ್ನೂರು ಹೆಜ್ಜೆ. ಕಾಲುಗಳು ಬೇರೆ ಯಾರದೋ ಆಗಿ ಅವಳನ್ನು ಹೊತ್ತು ನಡೆದವು. ಅರ್ಧ ದಾರಿಯಲ್ಲಿ ತೊಡೆಯ ಒಳಗಡೆ ಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. ಹದಿಮೂರು ವರ್ಷದವಳು. ನಿಲ್ಲಲಿಲ್ಲ.

‘ದೊಡ್ಡಪ್ಪ?’ ಎಂದ ಕಿವಿಯವನು.

‘ಅವರ ಮನೆಗೆ ಹೋದ್ರು.’

ಅವನ ಕಣ್ಣು ಅವಳ ಲಂಗದ ಮೇಲೆ ಹೋಗಿ, ತಕ್ಷಣ ನದಿಯ ಕಡೆ ತಿರುಗಿತು. ‘ಬೇಗ ಹೋಗು’ ಎಂದ ನೀರಿಗೆ ಹೇಳುವಂತೆ. ‘ಹನ್ನೊಂದಕ್ಕೆ ನನ್ನ ಪಾಳಿ ಮುಗಿಯುತ್ತೆ.’ ಅವನಿಗೆ ಥ್ಯಾಂಕ್ಸ್ ಹೇಳಬೇಕೋ, ಇವನ ಸೈನ್ಯದಿಂದಲೇ ಇದೆಲ್ಲ ಎಂದು ಉಗಿಯಬೇಕೋ ತಿಳಿಯದೆ, ಎರಡನ್ನೂ ಮಾಡದೆ ನಡೆದಳು. ಇವನನ್ನು ಪೂರ್ತಿಯಾಗಿ ದ್ವೇಷಿಸುವ ಹಕ್ಕನ್ನೂ ತನ್ನಿಂದ ಕಿತ್ತುಕೊಂಡನಲ್ಲ ಎಂದು ದಾರಿಯುದ್ದಕ್ಕೂ ಕುದಿದಳು. ಆ ಲಂಗದಲ್ಲಿ ಮನೆಯ ಬೀದಿಗೆ ನುಗ್ಗಲಾಗದೆ, ಒಣಗಲೆಂದು ನದಿ ದಂಡೆ ಸುತ್ತಿ ಬಳಸಿ ನಡೆದಳು. ಒಣಗಲಿಲ್ಲ.

ಮನೆಯ ಮುಂದೆ ಜೀಪು ನಿಂತಿತ್ತು. ಒಳಗೆ ಕುರ್ಚಿಯಲ್ಲಿ ಮೇಜರ್, ಕುತ್ತಿಗೆಗೆ ಬಿಳಿ ಬಟ್ಟೆ, ಹಲ್ಲಿಲ್ಲದ ಬಾಯಿ ಒಳಕ್ಕೆ ಸೇದಿಕೊಂಡು ಎಳೆಗೂಸಿನಂತೆ. ಒಳಕೋಣೆಯ ಮೂಟೆಗಳನ್ನೆಲ್ಲ ಕಾವಲಿನವರು ಕೆಡವಿ, ಬಿಳಿ ಮೀಸೆ ಬರಿಸಿಕೊಂಡು ಸೀನುತ್ತಿದ್ದರು. ಅಪ್ಪನ ಕೈಯಲ್ಲಿ ಸೆಟ್ಟು, ಇನ್ನೊಂದರಲ್ಲಿ ಅರ. ಅರ ನಿಂತಿತು. ಅವನು ಕೇಳುವಂತಿರಲಿಲ್ಲ, ಅವಳು ಹೇಳುವಂತಿರಲಿಲ್ಲ.

‘ದೊಡ್ಡಪ್ಪನ್ನ ದಾಟಿಸಿ ಬಂದೆ’ ಎಂದಳು.

ಅಪ್ಪನಿಗೆ ಅಣ್ಣನಿರಲಿಲ್ಲ. ಒಂದು ಕ್ಷಣ ಅವನು ರೆಪ್ಪೆ ಬಡಿದ. ‘ಏನಂದ?’ ಎಂದು ಕೇಳಿದ.

‘ಚಪ್ಪಲಿ ಕಚ್ತಾ ಇದೆ ಅಂದ್ರು.’

‘ಅವನದು ಯಾವಾಗಲೂ ಗೊಣಗೋದೇ’ ಎಂದು ಅಪ್ಪ ಅರ ಆಡಿಸತೊಡಗಿದ. ಕೈ ನಡುಗುತ್ತಿರಲಿಲ್ಲ. ಮೇಜರ್ ಬೊಚ್ಚುಬಾಯಿಯಲ್ಲಿ ಏನೋ ಅಂದರು, ಬೇಗ ಎಂದಿರಬೇಕು.

ಅವಳು ಹಿತ್ತಲಿಗೆ ಹೋಗಿ ಬೇರೆ ಲಂಗ ಉಟ್ಟುಕೊಂಡು, ಒದ್ದೆಯಾದದ್ದನ್ನು ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆದಳು. ಅತ್ತೆ ಬಂದಳು, ನೋಡಿದಳು, ಬಕೆಟ್ಟಿಗೆ ಇನ್ನೊಂದಿಷ್ಟು ನೀರು ಹೊಯ್ದು ಹೋದಳು. ಹಿತ್ತಲಲ್ಲಿ ಹಗ್ಗವಿತ್ತು. ಅಲ್ಲಿ ಬಿಸಿಲಿರಲಿಲ್ಲ. ಅವಳು ಲಂಗವನ್ನು ಹಿಂಡಿ, ಹೆಗಲ ಮೇಲೆ ಹಾಕಿಕೊಂಡು, ಬಾಯಿ ತೆರೆದು ಕೂತ ಮೇಜರ್ ಎದುರಿಗೇ ಹಾದು ಮುಂಬಾಗಿಲಿಗೆ ಬಂದಳು. ಬೀದಿಗೆ ಬಾಗಿದ ಕಿಟಕಿಯ ಸರಳಿಗೆ, ಜೀಪಿನ ತಲೆಯ ಮೇಲೆ ಸರಿಯಾಗಿ ನೀರು ತೊಟ್ಟಿಕ್ಕುವ ಹಾಗೆ, ಅದನ್ನು ಒಣಗಹಾಕಿದಳು.